ಕಂಡಕ್ಟರ್ ಮಾವನ ಸೀಟಿ

ನಮ್ಮ ಸೋದರಮಾವನ ಮನೆಯಲ್ಲಿ ಮಾತಿಗಿಂತ ಸೀಟಿ ಜಾಸ್ತಿ. ಬಸ್ಸಿನ ಕಂಡಕ್ಟರ್ ಆದವರು ಮನೆಗೆ ಬಂದ ಮೇಲಾದರೂ ಸೀಟಿಯನ್ನು ಮೊಳೆಗೆ ನೇತುಹಾಕುತ್ತಾರೆ ಎಂದುಕೊಂಡರೆ ನಿಮಗೆ ನಮ್ಮ ಮಾವ ಗೊತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ಏನು ಮದುವೆ ನಡೀತಿದ್ಯಾ" ಎಂದು ಕೂಗಿ ಗಂಟಲು ಹರಿದುಕೊಂಡು ಬರುತ್ತಿದ್ದರು. ಹೊಸ್ತಿಲು ದಾಟಿದ ಮೇಲೆ ಒಂದು ಮಾತಾಡಲೂ ಅವರಿಗೆ ಜೀವ ಇರುತ್ತಿರಲಿಲ್ಲ. ಹಾಗಾಗಿ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಮುಂದೆ ನಡಿ. ಪೀಪೀಪೀಪೀ ಎಂದು ಬಿಡದೆ ಊದುತ್ತಿದ್ದರೆ ನನ್ನ ಕಡೆಗೆ ಬಾ. ಈ ಮೂರನೆಯದು ಬಸ್ಸನ್ನು ಹಿಂದಕ್ಕೆ ತೆಗೆಯುವಾಗಿನ ಸೀಟಿ. ಡ್ರೈವರಿಗೆ ಬಸ್ಸಿನ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಕಂಡಕ್ಟರ್ ಹಿಂದೆ ನಿಂತು ಊದುತ್ತಿರುವಷ್ಟು ಹೊತ್ತು ಅವನು ನಂಬಿಕೊಂಡು ಬರುತ್ತಲೇ ಇರುತ್ತಾನೆ.

ಮದುವೆಯಾದ ಹೊಸದರಲ್ಲಿ ಅತ್ತೆ "ನಾನೇನು ನಿಮ್ಮ ಬಸ್ಸಾ?" ಎಂದು ಸೌಟು ಬೀಸಿದ್ದರಂತೆ. ಆಮೇಲೆ ಅವರಿಗೂ ಒಗ್ಗಿಹೋಯಿತು. ತಟ್ಟೆಗೆ ಅನ್ನ ಹಾಕುವಾಗ ಸಾಕು ಅನ್ನಲು ಒಂದು ಸೀಟಿ. ಅತ್ತೆಯ ಕೈ ಅಲ್ಲೇ ನಿಲ್ಲುತ್ತಿತ್ತು. ನಾನು ಚಿಕ್ಕವಳಿದ್ದಾಗ ರಜೆಗೆ ಅವರ ಮನೆಗೆ ಹೋಗಿ ರಸ್ತೆ ದಾಟಲು ಕಲಿತದ್ದೂ ಆ ಸೀಟಿಯಲ್ಲೇ. ಈಗಲೂ ಯಾವುದಾದರೂ ಬಸ್ಸಿನಿಂದ ಎರಡು ಸೀಟಿ ಕೇಳಿದರೆ ನನ್ನ ಬಲಗಾಲು ತಾನಾಗಿ ಮುಂದಕ್ಕೆ ಹೋಗುತ್ತದೆ. ನಗಬೇಡಿ.

ಮನುಷ್ಯ ಒರಟು. ಚಿಲ್ಲರೆ ಇಲ್ಲ ಎಂದವರಿಗೆ ಅವರ ಅಪ್ಪಂದಿರನ್ನೂ ಸೇರಿಸಿ ಮಂಗಳಾರತಿ ಮಾಡುತ್ತಿದ್ದರು. ಆದರೆ ಹತ್ತುವವರ ಎರಡೂ ಕಾಲು ಮೆಟ್ಟಿಲ ಮೇಲೆ ಬರುವವರೆಗೆ ಎರಡು ಸೀಟಿ ಊದಿದ್ದಿಲ್ಲ. ಡ್ರೈವರು ಎಷ್ಟೇ ಹಾರ್ನ್ ಹೊಡೆಯಲಿ, ಹಿಂದಿನ ಬಸ್ಸಿನವನು ಎಷ್ಟೇ ಬೈಯಲಿ, ಮಾವ ಬಾಗಿಲಿನಿಂದ ಅರ್ಧ ದೇಹ ಹೊರಗೆ ಹಾಕಿ ಹಿಂದೆ ನೋಡಿ, ಕೋಲೂರಿಕೊಂಡು ಬರುವ ಮುದುಕರಿದ್ದರೆ ಕಾದು, ಆಮೇಲೆ ಊದುತ್ತಿದ್ದರು. ಅವರ ಬಸ್ಸಿನಿಂದ ಒಬ್ಬರೂ ಬಿದ್ದಿರಲಿಲ್ಲ. ಅದೊಂದು ಜಂಬ ಅವರಿಗಿತ್ತು. ಇರಲಿ ಬಿಡಿ, ಆ ಜಂಬ ಯಾರಿಗೂ ಭಾರವಾಗಿರಲಿಲ್ಲ.

ಕೆಲಸದ ಕಡೆಯ ವರ್ಷಗಳಲ್ಲಿ ಡಿಪೋದ ಟಯರುಗಳ ಮಧ್ಯೆ ಒಂದು ಕಂದು ಬಣ್ಣದ ನಾಯಿಮರಿ ಸಿಕ್ಕಿತು. ಅದನ್ನು ಟಿಕೆಟ್ ಚೀಲದೊಳಗೆ ಹಾಕಿಕೊಂಡು ಬರುತ್ತಿದ್ದಾಗ ಚೆಕಿಂಗಿನವರು ಹತ್ತಿ, ಚೀಲದಿಂದ ಇಣುಕಿದ ಮೂತಿ ನೋಡಿ, "ಇದರ ಟಿಕೆಟ್ ಎಲ್ಲಿ?" ಎಂದರಂತೆ. "ಅದಕ್ಕೆ ಪಾಸ್ ಇದೆ ಸಾರ್" ಎಂದರು ಮಾವ. ಅಂದಿನಿಂದ ಅವಳ ಹೆಸರು ಪಾಸು. ನಿವೃತ್ತಿಯಾದ ಮೇಲೆ ಮಾವನಿಗೆ ಹೊರಡಿಸಲು ಬಸ್ಸಿಲ್ಲ, ಪಾಸು ಇದ್ದಳು. ಬೆಳಿಗ್ಗೆ ಎರಡು ಸೀಟಿ ಊದಿದರೆ ಇಬ್ಬರ ಸವಾರಿ ಹೊರಡುತ್ತಿತ್ತು. ಅವಳನ್ನು ಕಟ್ಟಿದ ಹಗ್ಗವನ್ನು ನಾನು ನೋಡಿಯೇ ಇರಲಿಲ್ಲ. ರಸ್ತೆಯಂಚಿಗೆ ಬಂದಾಗ ಒಂದು ಸೀಟಿ, ಕಲ್ಲಿನ ಹಾಗೆ ನಿಲ್ಲುವಳು. ಹೆಸರು ಹಿಡಿದು ಕರೆದರೆ ಮಾತ್ರ, ಕರೆದವರು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಕುಳಿತಿರುವಳು. ಕೈಸನ್ನೆ ಗೊತ್ತಿಲ್ಲ, ಬೆದರಿಸಿದರೆ ಗೊತ್ತಿಲ್ಲ. "ನಾಯಿಗೆ ಒಂದು ಮಾತಾದ್ರೂ ಕಲಿಸ್ರೀ" ಎಂದು ಅತ್ತೆ ಎಷ್ಟು ಹೇಳಿದ್ದರೋ. ಮಾವ ಉತ್ತರವಾಗಿ ಒಂದು ಸೀಟಿ ಊದುತ್ತಿದ್ದರು. ಸಾಕು, ನಿಲ್ಲಿಸು ಎಂದು.

ಹೀಗಿರುವಾಗ ಮಾವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬುದ್ಧಿ ನೆಟ್ಟಗೆ ಉಳಿಯಿತು. ಎಡಗೈ, ಎಡಗಾಲು ಮತ್ತು ಬಾಯಿಯ ಎಡಭಾಗ ಹೋದವು. ಮಾತು ತುಂಡುತುಂಡಾಗಿ ಬರುತ್ತಿತ್ತು, ಹೇಗೋ ಅರ್ಥ ಮಾಡಿಕೊಳ್ಳಬಹುದಿತ್ತು. ಸೀಟಿಗೆ ಮಾತ್ರ ಎರಡೂ ತುಟಿ ಬೇಕು. ಮಾವ ಆಸ್ಪತ್ರೆಯಿಂದ ಬಂದ ದಿನವೇ ಕತ್ತಿನಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಫುಸ್ ಎಂದು ಗಾಳಿ ಎಡಗಡೆಯಿಂದ ಹೋಯಿತು, ಜೊಲ್ಲು ಅಂಗಿಯ ಮೇಲೆ ಇಳಿಯಿತು. ಪಾಸು ಎದುರಿಗೆ ಕುಳಿತು ಕಿವಿ ನೆಟ್ಟಗೆ ಮಾಡಿ ಕಾಯುತ್ತಿದ್ದಳು. ಅತ್ತೆ ನಗಿಸಲೆಂದು "ಟ್ಯೂಬ್ ಪಂಕ್ಚರ್ ಆಗಿದೆ, ಸರಿಹೋಗುತ್ತೆ ಬಿಡಿ" ಎಂದರು. ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ನಾನು ಟೇಲರು. ಅವರ ಮನೆಯಿರುವ ಕಟ್ಟಡದ ಕೆಳಗೇ ನನ್ನ ಅಂಗಡಿ, ಹಾಗಾಗಿ ಆಮೇಲೆ ನಡೆದದ್ದೆಲ್ಲ ಮಷೀನಿನ ಮುಂದೆ ಕುಳಿತೇ ನೋಡಿದ್ದೇನೆ. ಪಾಸುವಿಗೆ ಸೀಟಿ ಇಲ್ಲದೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬಾಗಿಲ ಬಳಿ ನಿಂತರೆ ನಿಂತೇ ಇರುವಳು. ಆಮೇಲೆ ಊರಿನಲ್ಲಿ ಎಲ್ಲಿ ಸೀಟಿ ಕೇಳಿದರೂ ಓಡತೊಡಗಿದಳು. ಸರ್ಕಲ್ಲಿನ ಟ್ರಾಫಿಕ್ ಪೊಲೀಸ್ ಊದಿದರೆ ಅಲ್ಲಿಗೆ, ಶಾಲೆಯ ಆಟದ ಮೇಷ್ಟ್ರು ಊದಿದರೆ ಅಲ್ಲಿಗೆ. ಹೋಗಿ ಊದಿದವರ ಎದುರು ಕುಳಿತು ಮುಖ ನೋಡುವಳು, ಮೂಸುವಳು, ಮಾವ ಅಲ್ಲ ಎಂದು ಗೊತ್ತಾದ ಮೇಲೆ ತಲೆ ತಗ್ಗಿಸಿ ವಾಪಸು ಬರುವಳು. ಬೇರೆಯವರ ಸೀಟಿಗೆ ಅವಳು ನಿಲ್ಲುತ್ತಲೂ ಇರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಹುಡುಕುತ್ತಿದ್ದಳು ಅಷ್ಟೇ. ನಾನೂ ಮಾವನ ಸೀಟಿಯನ್ನೇ ಒರೆಸಿ, ಕೆನ್ನೆ ಉಬ್ಬಿಸಿ, ಮೂರೂ ಥರ ಊದಿ ನೋಡಿದೆ. ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿ ಮಲಗಿದಳು. ಟೇಲರು ಊದಿದರೆ ಬಸ್ಸು ಹೊರಡುತ್ತದೆಯೇ? ಮಾವನ ಹಳೆಯ ಸೀಟಿಯನ್ನು ಫೋನಿನಲ್ಲಿ ಯಾರಾದರೂ ಹಿಡಿದಿಟ್ಟಿದ್ದಾರೇನೋ ಎಂದು ಹುಡುಕಿದೆವು. ಮದುವೆಮನೆಯ ಊಟದ ಫೋಟೋ ಬೇಕಾದಷ್ಟಿದ್ದವು. ಸೀಟಿಯನ್ನು ಯಾರು ಹಿಡಿದಿಡುತ್ತಾರೆ?

ಒಂದು ದಿನ ಅವಳು ಸರ್ಕಲ್ಲಿಗೆ ಓಡುವಾಗ ಸ್ಕೂಟರಿಗೆ ಅಡ್ಡ ಹೋದಳು. ಓಡಿಸುತ್ತಿದ್ದವರು ಬಿದ್ದು ಮೊಣಕೈ ಮುರಿದುಕೊಂಡರು. ಅವರು ನಮ್ಮ ಕಟ್ಟಡದ ಓನರಿನ ತಮ್ಮ ಆಗಿರಬೇಕೇ! ಹಣೆಬರಹ ಅಂದರೆ ಇದೇ. ಓನರ್ ಮೇಲೆ ಬಂದು, ಕೂರಿ ಎಂದರೂ ಕೂರದೆ, ಹೇಳಬೇಕಾದ್ದನ್ನು ಹೇಳಿದರು.

"ನೋಡಿ ಕಂಡಕ್ಟ್ರೇ, ನಾನು ಕೆಟ್ಟವನಲ್ಲ. ಕಟ್ಟಿಹಾಕಿದ್ರೆ ಇಡೀ ಬಿಲ್ಡಿಂಗ್ ಕೇಳೋ ಹಾಗೆ ಊಳಿಡುತ್ತೆ, ಬಿಟ್ರೆ ರಸ್ತೆಗೆ ನುಗ್ಗುತ್ತೆ. ಕರೆದ್ರೆ ಬರೋ ನಾಯಿ ಆದ್ರೆ ಇಟ್ಕೊಳ್ಳಿ. ತಿಂಗಳ ಕೊನೇಲಿ ಬರ್ತೀನಿ. ನನ್ನ ಮುಂದೆ ಕರೆದು ತೋರಿಸಿ. ಆಗ್ಲಿಲ್ಲ ಅಂದ್ರೆ ನಮ್ಮ ಗೋಡೌನಿಗೆ ಕಳ್ಸಿ, ಕಾವಲಿಗೆ ಆಗುತ್ತೆ."

ಆ ಗೋಡೌನ್ ನನಗೆ ಗೊತ್ತು. ಬಟ್ಟೆಯ ಥಾನು ತರಲು ಅದರ ಪಕ್ಕಕ್ಕೇ ಹೋಗುತ್ತೇನೆ. ಕಬ್ಬಿಣದ ಗೇಟು, ಎರಡು ಮಾರು ಸರಪಳಿ, ದಿನವೆಲ್ಲ ಲಾರಿ ಹಿಂದಕ್ಕೆ ತೆಗೆಯುವವರ ಸೀಟಿ. ಕುತ್ತಿಗೆಗೆ ಸರಪಳಿ ಹಾಕಿಕೊಂಡು ಆ ಸೀಟಿಗಳ ಮಧ್ಯೆ ಪಾಸು ಹೇಗಿರುತ್ತಾಳೆ ಎಂದು ಯೋಚಿಸಿದರೆ ನನಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಮಾವ ಓನರಿಗೆ ಹೇಳಿದ್ದು ಒಂದೇ ಮಾತು. "ಕ...ರೀತೀನಿ."

ವ್ಯಾಯಾಮ ಹೇಳಿಕೊಡಲು ಒಬ್ಬಳು ಫಿಸಿಯೋ ಬರುತ್ತಿದ್ದಳು. ಮೇಣದಬತ್ತಿ ಆರಿಸಿ, ಬಲೂನು ಊದಿ, ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಗುಳ್ಳೆ ಎಬ್ಬಿಸಿ ಎನ್ನುತ್ತಿದ್ದಳು. ಜೀವನವಿಡೀ ಊರನ್ನು ಗದರಿದ ಮನುಷ್ಯ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಗುಳ್ಳೆ ಎಬ್ಬಿಸುವುದನ್ನು ನಾನು ನೋಡಲಾರದೆ ನೋಡಿದೆ. "ಎಲ್ಲಾದ್ರೂ ಬಯಲಿಗೆ ಕರ್ಕೊಂಡು ಹೋಗಿ, ನಾಲ್ಕು ಗೋಡೆ ಮಧ್ಯೆ ಉಸಿರು ತೆರೆದುಕೊಳ್ಳಲ್ಲ" ಎಂದಳು ಅವಳು. ಬಯಲು ಅಂದರೆ ನಮಗೆ ಕಡಲೇ. ಭಾನುವಾರ ನನ್ನ ಅಂಗಡಿಗೆ ರಜೆ. ನನ್ನ ಹಳೆಯ ಕಾರಿನ ಮುಂದೆ ಮಾವ, ಹಿಂದೆ ಅತ್ತೆ ಮತ್ತು ಪಾಸು. ಅತ್ತೆ "ನನ್ನ ಸೀರೆ ಮೇಲೆ ಕೂರಬೇಡ, ದರಿದ್ರದವಳೇ" ಎಂದು ದಾರಿಯುದ್ದಕ್ಕೂ ಬೈಯುತ್ತಾ ಅವಳ ಬೆನ್ನು ಸವರುತ್ತಿರುತ್ತಿದ್ದರು.

ಮೊದಲ ಸಲ ದೊಡ್ಡ ಬೀಚಿಗೆ ಹೋದೆವು. ಜನವೋ ಜನ. ಬಾಡಿಗೆ ಕುರ್ಚಿ, ಗಾಳಿಪಟ, ಒದ್ದೆ ಚಡ್ಡಿಯ ಮಕ್ಕಳು. ಕಾರಿನಿಂದ ಇಳಿಯುವುದಕ್ಕೂ ಒಂದು ಸೀಟಿ ಕೇಳುವುದಕ್ಕೂ ಸರಿಹೋಯಿತು. ಪಾಸು ಜನರ ಕಾಲುಗಳ ಮಧ್ಯೆ ತೂರಿಕೊಂಡು ಹೋದವಳು, ಈಜುವವರನ್ನು ಕಾಯುವ ಲೈಫ್‌ಗಾರ್ಡ್ ಒಬ್ಬರ ಮುಂದೆ ಕುಳಿತು ಅವರ ಮುಖ ನೋಡುತ್ತಿದ್ದಳು. ಪೊರಕೆಯಂಥ ಬಿಳಿ ಮೀಸೆ, ಕೆಂಪು ಬನಿಯನ್. ಮಾವ ಆಮೇಲೆ ಅವರಿಗೆ ಮೀಸೆ ಎಂದೇ ಹೆಸರಿಟ್ಟರು.

"ಬೋರ್ಡ್ ಓದೋಕೆ ಬರಲ್ವಾ? ನಾಯಿಗೆ ಪ್ರವೇಶ ಇಲ್ಲ" ಎಂದು ಮೀಸೆ ಗದರಿದರು.

"ನಾಯಿಗೆ ಓದೋಕೆ ಬರಲ್ಲ ಸ್ವಾಮಿ, ನೀವು ಊದಿದ್ದಕ್ಕೆ ಬಂತು" ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಅತ್ತೆ ನನ್ನನ್ನು ಚಿವುಟಿ, ಇರುವ ಕಥೆಯನ್ನೆಲ್ಲ ಹೇಳಿದರು. ಮೀಸೆ ಮಾವನ ಕತ್ತಿನ ಸೀಟಿ ನೋಡಿದರು, ಸೊಟ್ಟಗಾದ ಬಾಯಿ ನೋಡಿದರು. ಅವರ ದನಿ ಇಳಿಯಿತು.

"ಸೇತುವೆ ಸುತ್ತಿ ಅಳಿವೆ ಆಚೆ ಹೋಗಿ ಅಮ್ಮಾ. ಅಲ್ಲಿ ಯಾರೂ ಕೇಳಲ್ಲ. ನಾಯಿ ಸಾಕಿದೋರೆಲ್ಲ ಅಲ್ಲಿಗೇ ಬರೋದು. ನನ್ನ ಗುಡಿಸಲೂ ಅಲ್ಲೇ ಇದೆ."

ಮಾವನಿಗೆ ಒಬ್ಬರು ಹೇಳಿದ ಜಾಗಕ್ಕೆ ಹೋಗುವುದೆಂದರೆ ಆಗದು. ಮುಂದಿನ ಭಾನುವಾರ ಅವರ ಹಟಕ್ಕೆ ಬಂದರಿನ ಪಕ್ಕದ ಬೀಚಿಗೆ ಹೋದೆವು. ಅಲ್ಲಿ ಬಲೆ ಒಣಗಿಸಿದ್ದರು, ಮೀನಿನ ವಾಸನೆಗೆ ಅತ್ತೆ ಮೂಗು ಬಿಡಲೇ ಇಲ್ಲ, ಅಲ್ಲಿನ ಬೀದಿನಾಯಿಗಳು ಪಾಸುವಿಗೆ ಊರ ಗಡಿ ತೋರಿಸಿದವು. ಅದರಾಚೆಯ ಬಂಡೆಗಳ ಬೀಚಿನಲ್ಲಿ ಮಾವನ ಊರುಗೋಲು ಎರಡು ಕಲ್ಲುಗಳ ಮಧ್ಯೆ ಸಿಕ್ಕಿಕೊಂಡಿತು. ಅವರನ್ನು ಎತ್ತುವುದೋ ಕೋಲನ್ನು ಎತ್ತುವುದೋ ಎಂದು ನಾವು ಒದ್ದಾಡುವಾಗ ಮಾವನಿಗೇ ನಗು ಬಂತು. ಬಾಯಿಯ ಒಂದೇ ಕಡೆಯಲ್ಲಿ ನಗುವುದನ್ನು ನಾನು ಅಂದು ಮೊದಲು ನೋಡಿದೆ. "ಮೀ...ಸೆ ಹೇಳಿದಲ್ಲಿಗೇ... ನಡಿ ಪುಟ್ಟಿ" ಎಂದರು. ನನಗೆ ತಲೆ ನರೆತರೂ ಅವರಿಗೆ ನಾನು ಪುಟ್ಟಿಯೇ.

ಅಳಿವೆಯಾಚೆಯ ಬೀಚು ನಿಜವಾಗಿ ಒಳ್ಳೆಯದು. ಅಂಗಡಿಯಿಲ್ಲ, ಗದ್ದಲವಿಲ್ಲ, ರಸ್ತೆ ದೂರ. ನಾಯಿಗಳು ಅಲೆಯನ್ನು ಬೊಗಳಿ ಓಡಿಸಲು ನೋಡುತ್ತಿದ್ದವು. ಅವುಗಳ ಯಜಮಾನರು ಬೂಟು ಕೈಯಲ್ಲಿ ಹಿಡಿದುಕೊಂಡು ತಮ್ಮಷ್ಟಕ್ಕೆ ನಡೆಯುತ್ತಿದ್ದರು. ಎದುರು ದಂಡೆಯಲ್ಲೇ ದೊಡ್ಡ ಬೀಚಿನ ಕಡೇ ತುದಿ. ಮಧ್ಯೆ ಅಳಿವೆ, ಅಂದರೆ ಸಣ್ಣದೊಂದು ಹೊಳೆ ಕಡಲಿಗೆ ಸೇರುವ ಜಾಗ. ಇಳಿತದ ಹೊತ್ತಿನಲ್ಲಿ ಅಲ್ಲಿ ಪಾದ ಮುಳುಗುವಷ್ಟೇ ನೀರು. ಮೀಸೆಯ ಗುಡಿಸಲಿನ ಮುಂದೆ ಯಾರೋ ಬಿಟ್ಟುಹೋದ ಎರಡು ಮುದಿ ನಾಯಿಗಳು ಬಿಸಿಲಿಗೆ ಮೈ ಕಾಯಿಸುತ್ತಿದ್ದವು.

ಅಲ್ಲಿ ಮಾವ ನೀರಿನಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು ಊದುತ್ತಿದ್ದರು. ಫುಸ್. ಮತ್ತೆ ಫುಸ್. ಬಲಗೈಯ ಬೆರಳುಗಳಿಂದ ಎಡತುಟಿಯನ್ನು ಒತ್ತಿ ಹಿಡಿದು ಮತ್ತೆ ಊದುವರು. ಮುಖ ಕೆಂಪೇರಿ ಕಣ್ಣಲ್ಲಿ ನೀರು ಬರುವವರೆಗೆ ಬಿಡುತ್ತಿರಲಿಲ್ಲ. ಗಾಳಿಗೆ ಆಚೆಯಿಂದ ಮೀಸೆಯ ಸೀಟಿ ಕೇಳಿದಾಗ ಪಾಸು ಅಳಿವೆ ದಾಟಿ ಓಡುವಳು, ಅವರ ಮುಖ ನೋಡಿ, ಮೂಸಿ, ಅದೇ ನೀರಿನಲ್ಲಿ ಚಳಪಳ ಎಂದು ವಾಪಸು ಬರುವಳು. ಪ್ರತಿ ಸಲವೂ ಅಷ್ಟೇ. ನಮಗೆ ಅದು ಅಭ್ಯಾಸವಾಗಿತ್ತು, ಮೀಸೆಗೂ ಅಭ್ಯಾಸವಾಗಿತ್ತು. "ನಾನಲ್ಲ ಕಣಮ್ಮಾ, ಹೋಗು" ಎಂದು ಅವಳಿಗೆ ಹೇಳುತ್ತಿದ್ದರಂತೆ.

ಕಡೆಯ ಭಾನುವಾರ ಬಂತು. ಮರುದಿನ ಓನರ್ ಬರುವವರಿದ್ದರು. ಅಂದು ಕಾರಿನಲ್ಲಿ ಅತ್ತೆ ನಾಯಿಯನ್ನು ಬೈಯಲಿಲ್ಲ. ಮಾವ ಇಳಿದವರೇ ಕುರ್ಚಿ ಬೇಡ ಎಂದು ಊರುಗೋಲನ್ನು ಕಂಕುಳಿಗೆ ಕೊಟ್ಟು ನಿಂತರು. ನಿಂತೇ ಊದಿದರು. ನಾನು ದೇವರಿಗೆ ಲಂಚ ಕೊಡುವವಳಲ್ಲ, ಆದರೂ ಅಂದು ಮನಸ್ಸಿನಲ್ಲಿ ಏನೇನೋ ಹರಕೆ ಹೊತ್ತೆ.

ಆಚೆ ದಂಡೆಯಲ್ಲಿ ಸೀಟಿ ಕೇಳಿತು. ಪಾಸು ಎಂದಿನಂತೆ ಓಡಿದಳು. ಅಂದು ಅಲ್ಲಿ ಜನ ಹೆಚ್ಚಿದ್ದರು, ಮೀಸೆ ಎಲ್ಲೋ ಮುಂದೆ ಇದ್ದರು, ಅವಳು ಹುಡುಕಿಕೊಂಡು ದೂರ ಹೋದಳು. ಬರುವುದು ತಡವಾಯಿತು. ಅಷ್ಟರಲ್ಲಿ ಉಬ್ಬರ ಶುರುವಾಗಿತ್ತು. ಹುಣ್ಣಿಮೆಯ ಉಬ್ಬರ ಹೇಗೆ ಬರುತ್ತದೆ ಎಂದು ಊರೊಳಗೆ ಬೆಳೆದ ನಮಗೇನು ಗೊತ್ತು? ಸುಮ್ಮನೆ ಬಂತು. ನೋಡುತ್ತಿದ್ದಂತೆ ಮರಳು ಕಾಣದಾಯಿತು, ಅಳಿವೆಯಲ್ಲಿ ಕಡಲಿನ ನೀರು ಒಳಕ್ಕೂ ಹೊಳೆಯ ನೀರು ಹೊರಕ್ಕೂ ತಳ್ಳಾಡತೊಡಗಿದವು.

ಪಾಸು ವಾಪಸು ಹೊರಟಿದ್ದಳು. ನೀರು ಹೊಟ್ಟೆಯವರೆಗೆ ಬಂದಿತ್ತು, ಆಮೇಲೆ ಎದೆಯವರೆಗೆ. ಆದರೂ ಬರುತ್ತಿದ್ದಳು. ಇದನ್ನು ನಾನು ಒತ್ತಿ ಹೇಳುತ್ತೇನೆ. ಬರುತ್ತಿದ್ದಳು, ಗಟ್ಟಿಯಾಗಿ ಹೆಜ್ಜೆ ಇಡುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ದಾಟಿದ್ದಳು. ಇನ್ನು ಒಂದಿಷ್ಟು ಬಂದಿದ್ದರೆ ನಮ್ಮ ದಂಡೆ.

ಮಾವನಿಗೆ ಗಾಬರಿಯಾಯಿತು. ಕರೆಯಬೇಕು ಅನ್ನಿಸಿತು. ಯಾರಿಗೆ ಅನ್ನಿಸುವುದಿಲ್ಲ? ತುಟಿಯನ್ನು ಬೆರಳಿನಿಂದ ಒತ್ತಿಕೊಂಡು, ಕಣ್ಣು ಮುಚ್ಚಿ, ಒಳಗಿದ್ದ ಉಸಿರನ್ನೆಲ್ಲ ಸೀಟಿಗೆ ಹಾಕಿದರು. ನನ್ನ ಕಡೆಗೆ ಬಾ ಎನ್ನುವ ಸೀಟಿ ಊದಲು ಹೋದರು. ಪೀಪೀಪೀಪೀ ಎಂದು ಬರಬೇಕಿತ್ತು.

ಪೀ... ಎಂದು ಒಂದು ಬಂತು. ಒಂದೇ ಒಂದು. ಹಳೆಯ ಕಾಲದಲ್ಲಿ ಇಡೀ ಬಸ್ಸನ್ನು ನಿಲ್ಲಿಸುತ್ತಿದ್ದ ಅದೇ ಸೀಟಿ, ಚೂರೂ ಒಡಕಿಲ್ಲದ್ದು.

"ಬಂತು! ರೀ, ಬಂತು ರೀ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ನಾನೂ ಕುಣಿದೆ. ಎಂಥ ಮೂರ್ಖರು ನಾವು.

ಪಾಸು ನಿಂತುಬಿಟ್ಟಳು. ನಡುನೀರಿನಲ್ಲಿ, ಎದೆಯುದ್ದದ ನೀರಿನಲ್ಲಿ, ಒಂದು ಕಾಲು ಎತ್ತಿದ್ದವಳು ಅದನ್ನು ಅಲ್ಲೇ ಊರಿ ನಿಂತಳು. ಕಿವಿ ನೆಟ್ಟಗಾದವು. ಅಷ್ಟು ತಿಂಗಳು ಊರೆಲ್ಲ ಹುಡುಕಿದ ಸೀಟಿ ಕಡೆಗೂ ಸರಿಯಾದ ಬಾಯಿಂದ ಬಂದಿತ್ತು. ನೀರಿನೊಳಗೆ ಅವಳ ಬಾಲ ಆಡುತ್ತಿರುವುದು ಕಾಣುತ್ತಿತ್ತು. ಮಾವನ ಮುಖದ ಮೇಲೆ ಕಣ್ಣಿಟ್ಟು, ಮುಂದಿನ ಸೀಟಿಗೆ ಕಾಯುತ್ತಾ ನಿಂತಳು.

ಮುಂದಿನದು ಬರಲಿಲ್ಲ. ಮಾವ ಊದಿದರು, ಫುಸ್. ತುಟಿ ಒತ್ತಿದರು, ತಿರುಚಿದರು, ಫುಸ್. ಎರಡು ಊದಿದ್ದರೂ ಸಾಕಿತ್ತು, ಮುಂದೆ ನಡೆದು ದಂಡೆಗೆ ಬರುತ್ತಿದ್ದಳು. ಅಯ್ಯೋ ದೇವರೇ, ಒಂದು ಕೊಟ್ಟವನು ಇನ್ನೊಂದು ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಸೀಟಿ ಕಿತ್ತುಕೊಂಡು ಊದಿದೆ, ಎದೆ ಒಡೆಯುವಂತೆ ಊದಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. "ಬಾರೇ ಪಾಸು, ಬಾರೇ ನನ್ನಮ್ಮಾ" ಎಂದು ಅತ್ತೆ ಕೂಗಿದರು. ಮಾವ ಕೈ ಬೀಸಿ ಕರೆದರು. ಕೈಯನ್ನು ಅವಳಿಗೆ ಯಾರು ಕಲಿಸಿದ್ದರು? ನೀರು ಅವಳನ್ನು ಪಕ್ಕಕ್ಕೆ ಎಳೆದೊಯ್ದಾಗ ಒದ್ದಾಡಿ, ಈಜಿ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲಲು ನೋಡುತ್ತಿದ್ದಳು. ನಿಲ್ಲು ಎಂದ ಜಾಗಕ್ಕೆ. ಕತ್ತು ಮಾತ್ರ ಕಾಣುತ್ತಿತ್ತು.

ನನಗೆ ಈಜು ಬರುವುದಿಲ್ಲ. ಮೊಣಕಾಲವರೆಗೆ ಇಳಿದವಳನ್ನು ನೀರು ತಳ್ಳಿ ಕೆಡವಿತು. ಎದ್ದು ನೋಡಿದರೆ ಮಾವ ಕೋಲು ಬಿಸಾಡಿ ನೀರಿಗೆ ಇಳಿಯುತ್ತಿದ್ದಾರೆ, ಸತ್ತ ಕಾಲನ್ನು ಎಳೆದುಕೊಂಡು. ಹಿಂದಿನಿಂದ ತಬ್ಬಿ ಹಿಡಿದೆ. ಬಲಗೈಯಲ್ಲಿ ನನ್ನ ಮುಖಕ್ಕೆ, ಭುಜಕ್ಕೆ ಹೊಡೆದರು. ಬಿಡಲಿಲ್ಲ. ನಾಯಿಯನ್ನು ಹಿಡಿಯಲಾಗದವಳು ಮಾವನನ್ನಾದರೂ ಹಿಡಿದುಕೊಂಡಿದ್ದೆ. "ನಾ...ನೇ... ನಿಲ್ಸಿದೆ. ನಾನೇ... ನಿಲ್ಸಿದೆ" ಎನ್ನುತ್ತಿದ್ದರು.

ನಮ್ಮ ಕೂಗು ಕೇಳಿಯೋ ಏನೋ, ಆಚೆ ದಂಡೆಯಿಂದ ಮೀಸೆ ತಮ್ಮ ಕೆಂಪು ತೇಲುಗೊಳವೆಯನ್ನು ಎಳೆದುಕೊಂಡು ನೀರಿಗೆ ಹಾರಿದರು. ಅವರು ಹತ್ತಿರ ಹೋಗುವಷ್ಟರಲ್ಲಿ ಪಾಸು ಎರಡು ಸಲ ಮುಳುಗಿ ಎದ್ದಿದ್ದಳು. ಕುತ್ತಿಗೆ ಹಿಡಿದು, ಕೊಳವೆಯ ಮೇಲೆ ಹಾಕಿಕೊಂಡು, ಓರೆಯಾಗಿ ಈಜಿ ನಮ್ಮ ದಂಡೆಗೆ ತಂದರು. ಮರಳಿನ ಮೇಲೆ ಹಾಕಿ ಪಕ್ಕೆ ಒತ್ತಿದರು. ಅವಳು ಉಪ್ಪುನೀರು ಕಾರಿದಳು, ಕೆಮ್ಮಿದಳು, ಕಣ್ಣು ಬಿಟ್ಟಳು. ಅತ್ತೆ ತಮ್ಮ ಸೆರಗಿನಿಂದ ಅವಳ ಕಿವಿ, ಮೂಗು, ಕಾಲು ಒರೆಸುತ್ತಾ "ದರಿದ್ರದವಳೇ, ದರಿದ್ರದವಳೇ" ಎಂದು ಅಳುತ್ತಿದ್ದರು.

ಮೀಸೆ ಏದುಸಿರು ಬಿಡುತ್ತಾ ಕುಳಿತರು. "ಈ ಕಡಲಲ್ಲಿ ಎಷ್ಟೋ ನಾಯಿ ನೋಡಿದೀನಿ. ಇಂಥ ನೀರಲ್ಲಿ ಹೇಳಿದ ಜಾಗ ಬಿಡದೆ ನಿಂತಿದ್ದನ್ನ ನೋಡಿರ್ಲಿಲ್ಲ. ಯಾರು ಹೀಗೆ ಕಲಿಸಿದ್ದು?"

ಮಾವ ಬಲಗೈ ಎತ್ತಿದರು.

ಪಾಸು ಎದ್ದು ಮಾವನ ಕಾಲಬುಡಕ್ಕೆ ಬಂದು ಕುಳಿತಳು. ಅವಳಿಗೆ ಕೋಪವಿಲ್ಲ, ಏನೂ ಇಲ್ಲ. ಅದನ್ನೇ ನೋಡಲಾಗಲಿಲ್ಲ. ಮಾವ ತುಂಬ ಹೊತ್ತು ಅವಳ ತಲೆ ಸವರುತ್ತಾ ಕುಳಿತರು. ಆಮೇಲೆ ಮೀಸೆಯ ಗುಡಿಸಲಿನ ಕಡೆ ನೋಡಿದರು, ಮೀಸೆಯ ಕಡೆ ನೋಡಿದರು. ಕೇಳಲು ಮಾತು ಹೊಂದಿಸುತ್ತಿದ್ದರು. ಮೀಸೆಯೇ ಅರ್ಥ ಮಾಡಿಕೊಂಡು ಹೇಳಿದರು.

"ಇರ್ಲಿ ಯಜಮಾನ್ರೇ, ನನ್ನ ಹತ್ರ ಇರ್ಲಿ. ಇಲ್ಲಿ ಗಾಡಿ ಇಲ್ಲ, ಸರಪಳಿ ಇಲ್ಲ. ಸೀಟಿ ಕೇಳಿ ಓಡಿದ್ರೂ ನನ್ನ ಹತ್ರಾನೇ ಬರ್ತಾಳೆ. ಉಬ್ಬರದ ಹೊತ್ತಿಗೆ ಅವಳನ್ನ ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ. ಕೂಳಿಗೇನು, ಎರಡರ ಜೊತೆ ಮೂರು."

"ಬೇಡ! ಯಾಕೆ ಕೊಡ್ಬೇಕು?" ಎಂದು ಚೀರಿದ್ದು ಅತ್ತೆ. ದಿನಾ ಬೈಯುತ್ತಿದ್ದ ಅದೇ ಅತ್ತೆ. "ಆ ಓನರ್ ಕಾಲು ಹಿಡೀತೀನಿ ನಾನು. ಬೇರೆ ಮನೆ ನೋಡೋಣ. ಪುಟ್ಟಿ, ಹೇಳೇ ನಿಮ್ಮ ಮಾವಂಗೆ!"

ನಾನು ಹೇಳಿದೆ. "ಮಾವ, ಕೊಡೋದಾದ್ರೂ ಪ್ರತಿ ಭಾನುವಾರ ಬಂದು ನೋಡ್ಕೊಂಡು ಹೋಗೋಣ. ನಾನು ಕರ್ಕೊಂಡು ಬರ್ತೀನಿ. ಅಂಗಡಿ ಹೇಗಿದ್ರೂ ಮುಚ್ಚಿರುತ್ತೆ."

ಮಾವ ತಲೆಯಾಡಿಸಿದರು. ಬೇಡ. "ಬಂ...ದ್ರೆ," ಎಂದರು, ತಡೆದರು, ಜೊಲ್ಲು ಒರೆಸಿಕೊಂಡರು. "ಬಂದ್ರೆ ಊ...ದ್ತೀನಿ."

ಊದಿದರೆ ಅವಳು ಮತ್ತೆ ನಡುನೀರಿನಲ್ಲೇ ನಿಲ್ಲಬಹುದು. ಮಾವನನ್ನು ಎಬ್ಬಿಸಿ, ಕೋಲು ಹುಡುಕಿ ಕೊಟ್ಟು, ತೋಳು ಹಿಡಿದು ಕಾರಿನ ಕಡೆ ನಡೆಸಿದೆ. ಅತ್ತೆ ಹಿಂದೆ ಹಿಂದೆ ನೋಡುತ್ತಾ ಬಂದರು. ಪಾಸುವೂ ಎದ್ದು, ಮೈ ಕೊಡವಿ, ಎಂದಿನಂತೆ ಮಾವನ ಎಡಗಡೆಗೆ ಬಂದು ಸೇರಿಕೊಂಡಳು. ಮೀಸೆ ಹಗ್ಗ ತರುತ್ತೇನೆಂದು ಗುಡಿಸಲಿನತ್ತ ತಿರುಗಿದರು. ಮಾವ ಕೈ ಎತ್ತಿ ಬೇಡ ಎಂದರು.

ಕಾರಿನ ಬಾಗಿಲ ಬಳಿ ಮಾವ ತಿರುಗಿ ನಿಂತರು. ಅವಳ ಮುಖ ನೋಡಿದರು. ಸೀಟಿಯನ್ನು ಬಾಯಿಗಿಟ್ಟು, ಎಡತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದರು. ನನಗೆ ಗೊತ್ತಾಯಿತು, "ಮಾವ, ಬೇಡ" ಎನ್ನುವಷ್ಟರಲ್ಲಿ ಊದಿಯೇ ಬಿಟ್ಟಿದ್ದರು. ಒಂದು ಸಲ. ಈ ಸಲ ಸ್ವಲ್ಪ ಒಡಕಾಗಿ ಬಂತು, ಆದರೂ ಬಂತು. ಅವರ ಕೈಲಾಗುತ್ತಿದ್ದುದು ಅದೊಂದೇ.

ಪಾಸು ನಿಂತಳು.

ಮಾವನನ್ನು ಮುಂದೆ ಕೂರಿಸಿ ಬಾಗಿಲು ಹಾಕಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಒಬ್ಬರೇ, ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತರು. ಕಾರು ಹೊರಡಿಸಿದೆ, ಹೊರಡಿಸಲು ನನಗೆ ಮನಸ್ಸಿರಲಿಲ್ಲ. ಹಿಂದೆ ನೋಡದೆ ಒಂದು ಸಲವೂ ಬಸ್ಸು ಬಿಡದ ಮನುಷ್ಯ ಅಂದು ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಿದ್ದರು. ಮರಳುದಾರಿ ಮುಗಿದು ಡಾಂಬರು ಶುರುವಾಗುವಲ್ಲಿ ಕೇಳಿದರು.

"ನಿಂ...ತಿದಾಳಾ?"

ಕನ್ನಡಿಯಲ್ಲಿ ನೋಡಿದೆ.

"ನಿಂತಿದಾಳೆ ಮಾವ."